ಹೆಸರೋ? ಮಾದರಿಯೋ?

ಮಕ್ಕಳೇ, ಪರೀಕ್ಷೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಎಂಬ ಪ್ರಶ್ನೆಗೆ ಉತ್ತರ ಬರೆದಿದ್ದೀರಲ್ಲವೇ? ‘__ರ’ ಎಂದು ಕೊಟ್ಟು, ಖಾಲಿ ಜಾಗದಲ್ಲಿ ಒಂದೇ ಒಂದು ಅಕ್ಷರ ತುಂಬಿ ಎಂದರೆ ಮರ, ಸರ, ದರ ಎನ್ನುತ್ತೀರಿ. ಎಷ್ಟು ಅಕ್ಷರಗಳನ್ನಾದರೂ ತುಂಬಬಹುದು ಎಂದರೆ ನಗರ, ಸಾಗರ, ಸಡಗರ ಕೂಡ ಸೇರುತ್ತವೆ.

ಗಣಕಯಂತ್ರಕ್ಕೂ ಈ ಆಟ ಗೊತ್ತು! ಅದರ ಭಾಷೆಯಲ್ಲಿ ? ಎಂದರೆ ಯಾವುದಾದರೂ ಒಂದು ಅಕ್ಷರ. * ಎಂದರೆ ಎಷ್ಟು ಅಕ್ಷರಗಳಾದರೂ ಸರಿ, ಒಂದೂ ಇಲ್ಲದಿದ್ದರೂ ಸರಿ. ಆದ್ದರಿಂದ ‘?ರ’ ಎಂದರೆ ಮರ, ಸರ. ‘*ರ’ ಎಂದರೆ ನಗರವೂ ಸೇರುತ್ತದೆ. ಇಂತಹ ಚಿಹ್ನೆಗಳಿಗೆ ವೈಲ್ಡ್‌ಕಾರ್ಡ್ ಎಂದು ಹೆಸರು. ಅವುಗಳನ್ನು ಬಳಸಿ ಬರೆದದ್ದು ‘ಮಾದರಿ’. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯುನಿಕ್ಸ್ ಎಂಬ ತಂತ್ರಾಂಶದಲ್ಲಿ 1971ರಲ್ಲೇ ಈ ಕೆಲಸಕ್ಕೆ ‘ಗ್ಲಾಬ್’ ಎಂಬ ಪುಟ್ಟ ಕಾರ್ಯಕ್ರಮವಿತ್ತು.

ಐದು ಹೊಸ ಚಿಹ್ನೆಗಳು

ಮುಂದೆ ಎರಡು ಚಿಹ್ನೆಗಳು ಸಾಲದಾದವು. 1980ರ ದಶಕದಲ್ಲಿ ಡೇವಿಡ್ ಕಾರ್ನ್ ಅವರ ‘ಕಾರ್ನ್ ಶೆಲ್’ ಎಂಬ ತಂತ್ರಾಂಶವು ಚಿಹ್ನೆಯ ಮುಂದೆ ಆವರಣ ಸೇರಿಸುವ ಪದ್ಧತಿ ತಂದಿತು. ಇವೇ ‘ವಿಸ್ತೃತ ಮಾದರಿಗಳು’. ಆವರಣದೊಳಗಿನ | ಗೆರೆಗೆ ‘ಅಥವಾ’ ಎಂದು ಅರ್ಥ.

• ಮರ?(ಗಳು) – ‘ಗಳು’ ಇದ್ದರೂ ಸರಿ, ಇಲ್ಲದಿದ್ದರೂ ಸರಿ: ಮರ, ಮರಗಳು.
• @(ಗಿಡ|ಮರ)ಗಳು – ಎರಡರಲ್ಲಿ ಒಂದು ಇರಲೇಬೇಕು: ಗಿಡಗಳು, ಮರಗಳು.
• +(ಪಟ) – ಒಂದು ಅಥವಾ ಹೆಚ್ಚು ಬಾರಿ: ಪಟ, ಪಟಪಟ, ಪಟಪಟಪಟ.
• *(ಪಟ) – ಮೇಲಿನಂತೆಯೇ. ಆದರೆ ಒಮ್ಮೆಯೂ ಬರದಿದ್ದರೂ ಸರಿ.
• !(ಮರ) – ‘ಮರ’ ಒಂದನ್ನು ಬಿಟ್ಟು ಬೇರೆ ಏನಾದರೂ.

ಎಡವಟ್ಟು ಎಲ್ಲಿ?

ನೀವು ಮೂರು ಕವನ ಬರೆದು ಗಣಕಯಂತ್ರದಲ್ಲಿ ಉಳಿಸಿದ್ದೀರಿ ಎಂದುಕೊಳ್ಳಿ. ಕಡತಗಳ ಹೆಸರು ಕವನ1, ಕವನ2 ಮತ್ತು ಕವನ!(ಹಳೆ). ಹಳೆಯದು ಬೇಡವೆಂದು ‘ಕವನ!(ಹಳೆ) ಅಳಿಸು’ ಎಂಬ ಅರ್ಥದ ಆಜ್ಞೆ ಕೊಟ್ಟಿರಿ. ನಿಮಗೆ ಅದು ಒಂದು ಹೆಸರು. ಗಣಕಯಂತ್ರ ಅದನ್ನು ಮಾದರಿ ಎಂದು ಓದಿದರೆ? ‘ಕವನ’ದ ಮುಂದೆ ‘ಹಳೆ’ ಅಲ್ಲದೆ ಬೇರೇನಿದ್ದರೂ ಅಳಿಸು ಎಂದಾಗುತ್ತದೆ. ಆಗ ಕವನ1, ಕವನ2 ಕೂಡ ಮಾಯ! ಹೀಗೆ ಆಜ್ಞೆ ಬರೆದು ಅಳಿಸಿದ ಕಡತ ಸಾಮಾನ್ಯವಾಗಿ ಕಸದ ಬುಟ್ಟಿಗೂ ಹೋಗುವುದಿಲ್ಲ. ಮರಳಿ ಪಡೆಯುವುದು ಬಲು ಕಷ್ಟ.

ಆದ್ದರಿಂದ ಕೆಲಸಕ್ಕೆ ಮೊದಲು ಒಂದು ಪ್ರಶ್ನೆ ಕೇಳಬೇಕು: ಇದರಲ್ಲಿ ವಿಸ್ತೃತ ಮಾದರಿ ಇದೆಯೇ? ಇದಕ್ಕಾಗಿಯೇ ಸಿದ್ಧ ಸಂಕೇತಗಳ ಪುಟ್ಟ ಲೈಬ್ರರಿಗಳಿವೆ. ‘ಈಸ್-ಎಕ್ಸ್ಟ್‌ಗ್ಲಾಬ್’ ಅಂತಹ ಒಂದು ಲೈಬ್ರರಿ. ಅದು ಏನನ್ನೂ ಹುಡುಕುವುದಿಲ್ಲ, ಏನನ್ನೂ ಅಳಿಸುವುದಿಲ್ಲ. ‘ಹೌದು’ ಅಥವಾ ‘ಅಲ್ಲ’ ಎಂದಷ್ಟೇ ಹೇಳುತ್ತದೆ. ಇತರ ತಂತ್ರಾಂಶಗಳು ಆ ಉತ್ತರ ನೋಡಿ ಮುಂದಿನ ಹೆಜ್ಜೆ ಇಡುತ್ತವೆ.

ಅದು ಪತ್ತೆ ಹಚ್ಚುವುದು ಹೇಗೆ?

ಅಕ್ಷರಗಳ ಸಾಲನ್ನು ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ. ? * + @ ! ಇವುಗಳಲ್ಲಿ ಒಂದು ಸಿಕ್ಕಿತೇ? ಅದಕ್ಕೆ ಅಂಟಿಕೊಂಡೇ ( ಇದೆಯೇ? ಮುಂದೆಲ್ಲಾದರೂ ) ಇದೆಯೇ? ಮೂರಕ್ಕೂ ಹೌದು ಎಂದಾದರೆ ಉತ್ತರ ‘ಹೌದು’.

ಇನ್ನೊಂದು ನಿಯಮವಿದೆ. ಚಿಹ್ನೆಯ ಹಿಂದೆ ಎಡಕ್ಕೆ ವಾಲಿದ ಗೆರೆ \ ಇದ್ದರೆ ಆ ಚಿಹ್ನೆಯನ್ನು ಬಿಟ್ಟು ಮುಂದೆ ಹೋಗುತ್ತದೆ. ‘ಇದು ಬರೀ ಅಕ್ಷರ, ವಿಶೇಷ ಅರ್ಥವಿಲ್ಲ’ ಎಂದು ತಿಳಿಸುವ ಗುರುತು ಅದು. ಆದ್ದರಿಂದ ಕವನ\!(ಹಳೆ) ಎಂದು ಬರೆದರೆ ಉತ್ತರ ‘ಅಲ್ಲ’.

ಈಗ ಒಂದು ತಮಾಷೆ ನೋಡಿ. 2+(3) ಎಂಬ ಲೆಕ್ಕವನ್ನು ಕೊಟ್ಟರೆ ಲೈಬ್ರರಿ ಏನನ್ನುತ್ತದೆ? ‘ಹೌದು’ ಎನ್ನುತ್ತದೆ! ಏಕೆಂದರೆ ಅದು ಆಕಾರವನ್ನು ಮಾತ್ರ ನೋಡುತ್ತದೆ. ಬರೆದವರ ಮನಸ್ಸಿನಲ್ಲಿ ಏನಿತ್ತು ಎಂಬುದು ಅದಕ್ಕೆ ತಿಳಿಯದು. ಎಚ್ಚರಿಸುವುದು ಅದರ ಕೆಲಸ, ಯೋಚಿಸಿ ತೀರ್ಮಾನಿಸುವುದು ನಮ್ಮ ಕೆಲಸ.

ಮಾಡಿ ನೋಡಿ

ನೀವೇ ಪತ್ತೇದಾರರಾಗಿ. ಕೆಳಗಿನವುಗಳಲ್ಲಿ ಯಾವುದರಲ್ಲಿ ವಿಸ್ತೃತ ಮಾದರಿ ಇದೆ?

1) ಮರ*ಗಳು
2) +(ಸರ)
3) @ಮರ(ಗಳು)
4) !(ಗಿಡ
5) ಹೂ\?(ಗಳು)

ಉತ್ತರ: 2 ಮಾತ್ರ. 1ರಲ್ಲಿ ಆವರಣವೇ ಇಲ್ಲ. ಅದು ಸಾಮಾನ್ಯ ಮಾದರಿ. 3ರಲ್ಲಿ ಚಿಹ್ನೆಗೆ ಆವರಣ ಅಂಟಿಲ್ಲ. 4ರಲ್ಲಿ ಆವರಣ ಮುಚ್ಚಿಲ್ಲ. 5ರಲ್ಲಿ ಚಿಹ್ನೆಯ ಹಿಂದೆ ವಾಲಿದ ಗೆರೆ ಇದೆ.

ಇಂತಹ ಇನ್ನೂ ಐದು ಸಾಲುಗಳನ್ನು ನೀವೇ ರಚಿಸಿ, ಪಕ್ಕದಲ್ಲಿ ಕುಳಿತ ಗೆಳೆಯ ಅಥವಾ ಗೆಳತಿಗೆ ಕೊಡಿ. ಅವರು ಎಷ್ಟನ್ನು ಸರಿಯಾಗಿ ಪತ್ತೆ ಹಚ್ಚುತ್ತಾರೆ, ನೋಡೋಣ!