ಬಚ್ಚಿಟ್ಟ ಒಂದು ಲಕ್ಷ, ಕಳೆದುಕೊಂಡ ನಾಲ್ಕು ಲಕ್ಷ

ಹೋದ ತಿಂಗಳು ಶ್ರೀಪೆರಂಬದೂರಿನ ಹತ್ತಿರ ಒಂದು ಸೈಟು ನೋಡಲು ಹೋಗಿದ್ದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಹೊರಟು ಸುಮಾರು 262 ಕಿ.ಮೀ. ದಾಟಿ ಬಂದು ಸೇರುವುದು ಇಲ್ಲಿಗೇ. ಮಾತುಕತೆ ಕುದುರುವ ಹೊತ್ತಿಗೆ ಬ್ರೋಕರ್ ದನಿ ತಗ್ಗಿಸಿದರು: "ಸಾರ್, ಪತ್ರದಲ್ಲಿ ಗೈಡ್‌ಲೈನ್ ರೇಟಷ್ಟೇ ಬರೆಸೋಣ. ಮಿಕ್ಕಿದ್ದು ಕ್ಯಾಶ್."

ನನಗೆ ಅಪ್ಪ ನೆನಪಾದರು. ಕೋಲಾರದ ಕಡೆ ನಮ್ಮ ರಾಗಿ ಹೊಲ ರಸ್ತೆಗೆ ಹೋದಾಗ ಬಂದ ಪರಿಹಾರ ಊರಿನ ನಿಜವಾದ ಬೆಲೆಯ ಹತ್ತಿರಕ್ಕೂ ಇರಲಿಲ್ಲ. "ಇದು ಮೋಸ" ಎಂದು ಅಪ್ಪ ಕಚೇರಿಗೆ ಹೋದರು. ಅಲ್ಲಿ ಸುತ್ತಮುತ್ತಲ ಕ್ರಯಪತ್ರಗಳ ಪಟ್ಟಿ ತೋರಿಸಿದರಂತೆ. ಎರಡು ವರ್ಷದ ಹಿಂದೆ ಅಪ್ಪನೇ ಪಕ್ಕದ ತುಂಡನ್ನು ಕೊಂಡ ಪತ್ರವೂ ಅದರಲ್ಲಿತ್ತು. ಸ್ಟಾಂಪ್ ಡ್ಯೂಟಿ ಉಳಿಸಲೆಂದು ಕೊಟ್ಟ ದುಡ್ಡಿನ ಮೂರರಲ್ಲೊಂದು ಭಾಗ ಮಾತ್ರ ಬರೆಸಿದ್ದರು. ಅಪ್ಪ ಮಾತಾಡದೆ ಎದ್ದು ಬಂದರು.

2014ರ ಜನವರಿ 1ರಂದು ಜಾರಿಗೆ ಬಂದ ಭೂಸ್ವಾಧೀನ ಕಾಯ್ದೆಯ ಲೆಕ್ಕ ಹೀಗಿದೆ. ಹಿಂದಿನ ಮೂರು ವರ್ಷಗಳಲ್ಲಿ ಅಕ್ಕಪಕ್ಕ ನಡೆದ ಮಾರಾಟಗಳ ಪೈಕಿ ಹೆಚ್ಚು ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ತೆಗೆಯುತ್ತಾರೆ. ಅದು ಅಥವಾ ಮಾರ್ಗಸೂಚಿ ದರ, ಯಾವುದು ಹೆಚ್ಚೋ ಅದೇ ಮಾರುಕಟ್ಟೆ ಬೆಲೆ. ಹಳ್ಳಿಯಾದರೆ ಅದನ್ನು ಎರಡರವರೆಗೆ ಗುಣಿಸಬಹುದು. ಅದರ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ. 1894ರ ಹಳೆಯ ಕಾಯ್ದೆಯಲ್ಲಿ ಇದು ಕೊನೆಗೆ ಶೇ. 30 ಇತ್ತು. ಅಂದರೆ ಹಳ್ಳಿಯಲ್ಲಿ ಬೆಲೆ ಒಂದು ಲಕ್ಷ ಇಳಿದರೆ ಪರಿಹಾರ ನಾಲ್ಕು ಲಕ್ಷದವರೆಗೆ ಇಳಿಯುತ್ತದೆ. ತಮಿಳುನಾಡಿನಲ್ಲಿ ಮುದ್ರಾಂಕ, ನೋಂದಣಿ ಸೇರಿ ನೂರಕ್ಕೆ ಒಂಬತ್ತು. ಒಂಬತ್ತು ಸಾವಿರ ಉಳಿಸಲು ಹೋಗಿ ಕಳೆದುಕೊಳ್ಳುವುದು ಇಷ್ಟು! ಅದೂ ನಾವೊಬ್ಬರೇ ಅಲ್ಲ, ಪಕ್ಕದ ಹೊಲದವರೂ.

ಸರ್ಕಾರದ ತಪ್ಪೇ ಇಲ್ಲವೆಂದಲ್ಲ. ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಗೆ 2003ರಲ್ಲಿ ಅಧಿಸೂಚನೆಯಾದ ಜಮೀನಿನ ಕೆಲವು ಮಾಲೀಕರು ಎರಡು ದಶಕ ಪರಿಹಾರಕ್ಕೆ ಕಾದರು. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್, 2019ರ ಏಪ್ರಿಲ್ 22ರ ಬೆಲೆ ಹಿಡಿದು ಲೆಕ್ಕ ಹಾಕಿ ಎಂದಿತು. ಯಾವ ದಿನದ ಬೆಲೆ ಎಂದು ಕೇಳಲು ಕೋರ್ಟು ಇದೆ. ಆದರೆ ಆ ಬೆಲೆ ಎಷ್ಟೆಂದು ಪತ್ರದಲ್ಲಿ ಬರೆಸುವವರು ನಾವೇ.

ಪೂರ್ತಿ ಬೆಲೆ ಬರೆಸುವುದಾದರೆ ಮಾತ್ರ ಕೊಳ್ಳುತ್ತೇನೆ ಎಂದು ಬ್ರೋಕರ್‌ಗೆ ಹೇಳಿದ್ದೇನೆ. ಮಾರುವವರು ಇನ್ನೂ ಒಪ್ಪಿಲ್ಲ, ಸೈಟು ಕೈತಪ್ಪಲೂಬಹುದು. ಊರಲ್ಲೋ ಇಲ್ಲೋ ಜಮೀನು ಕೊಳ್ಳಲು ಹೊರಟಿರುವ ಗೆಳೆಯರೇ, ಸಹಿ ಹಾಕುವ ಮುನ್ನ ನೀವೂ ಒಮ್ಮೆ ಈ ಲೆಕ್ಕ ಹಾಕಿ ನೋಡಿ.