ಹಂಚು ಮಗುಚಿದರೆ ಚರಿತ್ರೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಹಳೆಯ ಮನೆಯ ಮಾಡು ಇಳಿಸುವಾಗ ಒಂದು ಹಂಚನ್ನು ಮಗುಚಿ ನೋಡಬೇಕು. ಅಡುಗೆಮನೆಯ ಹೊಗೆಯ ಮಸಿ ಒರೆಸಿದರೆ ಉಬ್ಬಿದ ಅಕ್ಷರಗಳು ಕಾಣುತ್ತವೆ: ಕಾರ್ಖಾನೆಯ ಹೆಸರು, ಊರಿನ ಹೆಸರು, ಕೆಲವೊಮ್ಮೆ ಒಂದು ಇಸವಿ. ದಿನವೂ ಅದರಡಿಯಲ್ಲೇ ಉಂಡು ಮಲಗಿದವರು ಸಹ ಅದನ್ನು ಓದಿರುವುದಿಲ್ಲ.

ಅಚ್ಚಿನ ವಿಷಯದಲ್ಲಿ ಮಂಗಳೂರಿಗೆ ಎರಡು ಹಿರಿಮೆಗಳಿವೆ. ಒಂದು ಕಾಗದದ ಮೇಲಿನ ಅಚ್ಚು, ಇನ್ನೊಂದು ಮಣ್ಣಿನ ಮೇಲಿನ ಅಚ್ಚು. ಎರಡೂ ಶುರುವಾದದ್ದು 1834ರಲ್ಲಿ ಈ ಊರಿಗೆ ಬಂದ ಬಾಸೆಲ್ ಮಿಷನ್ನಿನವರ ಕೈಯಲ್ಲಿ.

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅದೇ ಕನ್ನಡದ ಮೊದಲ ಪತ್ರಿಕೆ. ಜುಲೈ 1 ಪತ್ರಿಕಾ ದಿನವಾದದ್ದು ಅದರಿಂದಲೇ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಎಣ್ಣೆ ಮತ್ತು ನೀರು ಒಂದಕ್ಕೊಂದು ಸೇರುವುದಿಲ್ಲ ಎಂಬ ಪಾಠವೇ ಕಲ್ಲಚ್ಚಿನ ಗುಟ್ಟು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು ಕಲ್ಲನ್ನು ಒದ್ದೆ ಮಾಡುತ್ತಾರೆ. ಜಿಡ್ಡಿಲ್ಲದ ಕಡೆ ಮಾತ್ರ ನೀರು ನಿಲ್ಲುತ್ತದೆ. ಆಮೇಲೆ ಉರುಳಿಸಿದ ಶಾಯಿ ಬರೆದ ಜಾಗಕ್ಕಷ್ಟೇ ಅಂಟಿಕೊಳ್ಳುತ್ತದೆ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಮಂಗಳೂರಿನಲ್ಲಿ ಅದು ಒಂದು ವರ್ಷವನ್ನೂ ಪೂರೈಸಲಿಲ್ಲ.

ಮಣ್ಣಿನ ಅಚ್ಚಿಗೆ ಮಾತ್ರ ದೀರ್ಘಾಯುಷ್ಯ. ಕುದುರೆಮುಖದ ಬೆಟ್ಟಸಾಲಿನಿಂದ ಇಳಿಯುವ ನೇತ್ರಾವತಿ ಬೆಳ್ತಂಗಡಿ ಸೀಮೆಯನ್ನು ದಾಟಿ ಬಂಟ್ವಾಳಕ್ಕೆ ಬರುತ್ತದೆ. ವೇಣೂರನ್ನು ಹಾದು ಬರುವ ಫಲ್ಗುಣಿ ಗುರುಪುರದ ಹೊಳೆಯಾಗುತ್ತದೆ. ಎರಡೂ ಮಂಗಳೂರಿನಲ್ಲಿ ಕಡಲು ಸೇರುತ್ತವೆ. ಮಳೆಗೆ ಸವೆದ ಬೆಟ್ಟದ ಕಲ್ಲು ಸಾವಿರಾರು ವರ್ಷಗಳಲ್ಲಿ ನುಣ್ಣನೆಯ ಆವೆಮಣ್ಣಾಗಿ ಈ ಹೊಳೆಗಳ ದಡದಲ್ಲಿ ಕೂತಿತ್ತು. ಅದರ ಬೆಲೆ ಅರಿತ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. 1868ರ ಸುಮಾರಿಗೆ ಬಂಟ್ವಾಳದ ಪಕ್ಕದ ಪಾಣೆಮಂಗಳೂರಿನಲ್ಲಿ ಪಾಸ್ಕಲ್ ಆಲ್ಬುಕರ್ಕ್ ಅವರ ಕಾರ್ಖಾನೆ ಬಂತು. ಅಲ್ಲಿಗೆ ಈ ಕಸುಬು ಊರಿನವರದೇ ಆಯಿತು.

ಇಳಿಜಾರು ಮಾಡು ಇಲ್ಲಿಯವರಿಗೆ ಹೊಸದಾಗಿರಲಿಲ್ಲ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿದರೆ ಸಾಕು, ಆಟಿಯ ಮಳೆಯನ್ನು ಹೇಗೆ ಹರಿಯಬಿಡಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿತ್ತೆಂಬುದು ತಿಳಿಯುತ್ತದೆ. ಆದರೆ ಸಾಮಾನ್ಯರ ಮನೆಗೆ ಮುಳಿಹುಲ್ಲು ಅಥವಾ ಮಡಲು. ಅದನ್ನು ಮತ್ತೆ ಮತ್ತೆ ಹೊದೆಸಬೇಕು, ಬೆಂಕಿಯ ಭಯ ಬೇರೆ. ಹಂಚು ಬಂದು ಆ ಭಯವನ್ನು ಕಳೆಯಿತು.

ಒದ್ದೆ ಮಣ್ಣು ಒಣಗಿದರೆ ಗಟ್ಟಿಯಾಗುತ್ತದೆ, ಆದರೆ ನೀರು ಬಿದ್ದರೆ ಮತ್ತೆ ಕೆಸರು. 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಮಣ್ಣಿನ ಕಣದೊಳಗೆ ರಾಸಾಯನಿಕವಾಗಿ ಸೇರಿದ್ದ ನೀರೂ ಹೊರಟುಹೋಗಿ, ಕಣಗಳು ಒಂದಕ್ಕೊಂದು ಬೆಸೆಯುತ್ತವೆ. ಅದು ಮತ್ತೆ ಕೆಸರಾಗದು. ಮಣ್ಣಿನಲ್ಲಿರುವ ಕಬ್ಬಿಣ ಆಮ್ಲಜನಕದೊಡನೆ ಸೇರಿ ಕೆಂಪು ಬಣ್ಣ ಕೊಡುತ್ತದೆ. ಹಂಚಿನ ಅಂಚಿನ ಏಣು ಪಕ್ಕದ ಹಂಚಿನ ಗಾಡಿಯಲ್ಲಿ ಕೂತು, ಸುಣ್ಣ ಗಾರೆಯ ಹಂಗಿಲ್ಲದೆ ಮಳೆಯನ್ನು ತಡೆಯುತ್ತದೆ; ಸಂದಿನಿಂದ ಒಳಗಿನ ಬಿಸಿಗಾಳಿ ಹೊರಹೋಗುತ್ತದೆ.

ಹಂಚು ಹಡಗೇರಿ ಆಫ್ರಿಕಾದವರೆಗೂ ಹೋಯಿತು. ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಗೂಡುಗಳಿಗೆ ಕಾಡಿನ ಸೌದೆ ಹೋಯಿತು, ಆವೆಮಣ್ಣು ತೆಗೆದ ಗದ್ದೆಗಳು ಹೊಂಡವಾದವು. ಮಣ್ಣು, ಸೌದೆ ದುಬಾರಿಯಾಗಿ ತಾರಸಿ ಮನೆಗಳು ಬಂದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು.

ಈಗ ಹಳೆಯ ಮನೆ ಕೆಡವಿದಾಗ ಹಂಚು ಪುಡಿಯಾಗಿ ಹೊಂಡ ತುಂಬಲು ಹೋಗುತ್ತದೆ. ಹಾಗೆ ಹೋಗುವ ಮುನ್ನ ವಿದ್ಯಾರ್ಥಿಗಳು ಒಂದೊಂದು ಹಂಚನ್ನಾದರೂ ಉಳಿಸಬಹುದು. ಅದರ ಮೇಲಿನ ಹೆಸರು, ಅದು ಇದ್ದ ಮನೆ, ಮನೆ ಕಟ್ಟಿದ ಕಾಲ ಇಷ್ಟನ್ನು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಟ್ಟರೆ ಶಾಲೆಯ ಒಂದು ಕಪಾಟೇ ಊರಿನ ಚರಿತ್ರೆಯಾದೀತು. ಒಂದು ಎಚ್ಚರಿಕೆ ಮಾತ್ರ ಬೇಕು. ಹಂಚಿನ ಮೇಲೆ 1865 ಎಂದಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಹುಟ್ಟಿದ ವರ್ಷವಲ್ಲ. ಕಾಮನ್‌ವೆಲ್ತ್ ಟ್ರಸ್ಟ್ ಎಂದಿದ್ದರೆ ಆ ಹಂಚು ಮೊದಲ ಮಹಾಯುದ್ಧದ ನಂತರದ್ದು; ಮಿಷನ್ನಿನ ಕಾರ್ಖಾನೆಗಳು ಆ ಸಂಸ್ಥೆಯ ಕೈ ಸೇರಿದ್ದು ಆಗಲೇ. ಬರೆದದ್ದನ್ನೆಲ್ಲ ನಂಬದೆ ಯೋಚಿಸಿ ಓದುವುದನ್ನು ಪತ್ರಿಕೆ ಕಲಿಸುವಂತೆ ಹಂಚೂ ಕಲಿಸುತ್ತದೆ.