ಇಲಿ ಹಾಕಿಕೊಟ್ಟ ಬೀದಿಗಳು

ಮಲ್ಲೇಶ್ವರದ ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸಿನಲ್ಲಿ ಕೂರುವುದಕ್ಕೆ ಜಾಗವಿಲ್ಲ. ಇಡ್ಲಿ ತಟ್ಟೆ ಹಿಡಿದು ಫುಟ್‌ಪಾತಿಗೆ ಇಳಿಯಬೇಕು, ಯಾರದೋ ಸ್ಕೂಟರಿನ ಸೀಟನ್ನೇ ಮೇಜು ಮಾಡಿಕೊಳ್ಳಬೇಕು. ಸ್ಕೂಟರಿನವರು ಬಂದರೆ ಬೇಸರಪಡುವುದಿಲ್ಲ, ಅವರ ಕೈಯಲ್ಲೂ ತಟ್ಟೆ ಇರುತ್ತದೆ. ತೆಳ್ಳನೆ ಹಸಿರು ಚಟ್ನಿಯಲ್ಲಿ ಇಡ್ಲಿ ಮುಳುಗಿಸುತ್ತಾ ಒಂದು ಭಾನುವಾರ ಬೆಳಿಗ್ಗೆ ನಿಂತಿದ್ದಾಗ, ತುಮಕೂರಿನಿಂದ ಬಂದಿದ್ದ ನಮ್ಮ ದೊಡ್ಡಪ್ಪ ರಸ್ತೆಯನ್ನು ಆ ತುದಿಯಿಂದ ಈ ತುದಿಗೆ ನೋಡಿ ಕೇಳಿದರು: 'ಚಿಕ್ಕಪೇಟೆಯಲ್ಲಿ ಎದುರಿಗೆ ಎತ್ತಿನಗಾಡಿ ಬಂದರೆ ಗೋಡೆಗೆ ಅಂಟಿಕೋಬೇಕಿತ್ತು. ಇಲ್ಲಿ ಇಷ್ಟು ಧಾರಾಳವಾಗಿ ರಸ್ತೆ ಬಿಟ್ಟ ಪುಣ್ಯಾತ್ಮ ಯಾರೋ?'

ಇಲಿ ಅಂದೆ. ತಮಾಷೆ ಅಂದುಕೊಂಡರು.

1898ರ ಆಗಸ್ಟಿನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂತು. ಆಗಿನ ಪೇಟೆಯೆಂದರೆ ಗೋಡೆಗೆ ಗೋಡೆ ತಾಗಿದ ಮನೆ, ಕೆಳಗೆ ಅಂಗಡಿ, ಹಿಂದೆ ದವಸದ ಕೋಣೆ. ಇಲಿಗೆ ಅದಕ್ಕಿಂತ ಒಳ್ಳೆಯ ಊರು ಬೇಕೆ? ಜನ ಮನೆಗೆ ಬೀಗ ಹಾಕಿ ಊರಾಚೆ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡರು. ಪ್ಲೇಗಮ್ಮನಿಗೆ ಗುಡಿಗಳೆದ್ದವು. ಪ್ಲೇಗು ಕಾರ್ಯಾಚರಣೆಯ ಅಧಿಕಾರಿಗಳು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಲೆಂದು ಊರಿಗೆ ಟೆಲಿಫೋನ್ ತಂತಿ ಬಂದದ್ದೂ ಆಗಲೇ. ಪೇಟೆಯ ಹೊರಗೆ ಹೊಸ ಬಡಾವಣೆ ಮಾಡುವ ಯೋಚನೆ ಸರ್ಕಾರಕ್ಕೆ ಮೊದಲೇ ಇತ್ತು. ಪ್ಲೇಗು ಅದಕ್ಕೆ ಅವಸರ ತಂದಿತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ.

ಎರಡೂ ಕಡೆ ಊರಿಗಿಂತ ಮೊದಲು ದೇವರಿದ್ದ. ಕಾಡುಮಲ್ಲೇಶ್ವರನ ಹೆಸರಿನಲ್ಲೇ ಕಾಡು ಇದೆ. ಶಿವಾಜಿಯ ಮಲತಮ್ಮ ಏಕೋಜಿಯ ಕಾಲದ ಶಾಸನ ಅಲ್ಲಿದೆ, ಇಸವಿ 1669. ಬಸವನಗುಡಿಯ ಗುಡ್ಡದ ಮೇಲೆ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ಬಸವ, ಕೆಂಪೇಗೌಡರ ಕಾಲದವನು ಎನ್ನುತ್ತಾರೆ. ಹೊಸದಾಗಿ ಬಂದವರಿಗೆ ದೇವಸ್ಥಾನ ಕಟ್ಟುವ ಖರ್ಚು ಉಳಿಯಿತು. ದೇವರಿದ್ದಲ್ಲಿ ಹೂವು, ಬಾಳೆಹಣ್ಣು, ತೆಂಗಿನಕಾಯಿ, ಅರಿಶಿನ ಕುಂಕುಮ ಬೇಕೇ ಬೇಕು. ಈಗ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೂ ಬಸವನಗುಡಿಯ ಗಾಂಧಿಬಜಾರಿನಲ್ಲೂ ನಾವು 'ಶಾಪಿಂಗ್' ಎಂದು ಕರೆಯುವುದು ಆ ಹೂವಿನ ಬುಟ್ಟಿಯ ಹಿಂದೆ ಬೆಳೆದ ಬಾಲ.

ರಸ್ತೆಗಳನ್ನು ನೇರವಾಗಿ ಎಳೆದರು. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ. ಮಾರ್ಗೋಸಾ ಅಂದರೆ ಬೇರೇನಲ್ಲ, ನಮ್ಮ ಬೇವೇ. ಬೇವಿನಮರದ ರಸ್ತೆ ಅಂದಿದ್ದರೆ ಯಾರಿಗೇನು ನಷ್ಟವಾಗುತ್ತಿತ್ತೋ ತಿಳಿಯದು. ಮನೆಗೂ ಮನೆಗೂ ನಡುವೆ ಗಾಳಿ ಆಡುವಷ್ಟು ಜಾಗ, ಅಲ್ಲಲ್ಲಿ ಪಾರ್ಕು. ಮನೆಸಾಲುಗಳ ಬೆನ್ನಿಗೆ ಕಿರಿದಾದ ಓಣಿಗಳು, ಕನ್ಸರ್ವೆನ್ಸಿ ಲೇನು. ಆ ಓಣಿಗಳ ಮಾತಿಗೆ ಆಮೇಲೆ ಬರುತ್ತೇನೆ.

ಇಷ್ಟೆಲ್ಲ ಅಚ್ಚುಕಟ್ಟು ಮಾಡಿದವರು ಹೋಟೆಲಿಗೆಂದು ಜಾಗ ಬಿಟ್ಟಿರಲಾರರು. ನಿವೇಶನ ಕೊಂಡವರಲ್ಲಿ ಹೆಚ್ಚಿನವರು ಸರ್ಕಾರಿ ನೌಕರರು, ಮೇಷ್ಟರು, ವಕೀಲರು, ಬಹುಪಾಲು ಬ್ರಾಹ್ಮಣರು. ಹೊರಗೆ ತಿನ್ನುವುದು ಆ ಮನೆಗಳಲ್ಲಿ ಕೆಟ್ಟ ಚಾಳಿ. ಮಡಿ ಮೈಲಿಗೆಯ ಗೋಡೆಯನ್ನು ದಾಟಲು ಹೋಟೆಲಿನವರೂ ಉಪಾಯ ಮಾಡಿದರು. ಅಡುಗೆಮನೆಯಲ್ಲಿರುವವರು ಬ್ರಾಹ್ಮಣರೇ ಎಂದು ಬೋರ್ಡಿನಲ್ಲೇ ಸಾರಿದರು. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಶುರುಮಾಡಿದ, ಇಂದಿನ ಎಂ.ಟಿ.ಆರ್.ನ ಮೊದಲ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್. ಮಲ್ಲೇಶ್ವರದ ಸಿ.ಟಿ.ಆರ್. ಕೂಡ ಹೆಚ್ಚುಕಡಿಮೆ ಆ ಕಾಲದ್ದೇ. ಕೈ ಬದಲಾಗಿ, ಬೋರ್ಡಿನಲ್ಲಿ ಶ್ರೀ ಸಾಗರ್ ಎಂದಾಗಿ ಎಷ್ಟೋ ಕಾಲವಾಯಿತು. ಆ ಹೆಸರು ಹಿಡಿದು ಆಟೋದವನಿಗೆ ದಾರಿ ಹೇಳಿ ನೋಡಿ, 'ಅದೆಲ್ಲಿ ಸಾರ್?' ಅನ್ನುತ್ತಾನೆ. ಬೆಣ್ಣೆ ಮಸಾಲೆ ಸಿಗುವ ಜಾಗ ಊರಿಗೆಲ್ಲ ಇವತ್ತಿಗೂ ಸಿ.ಟಿ.ಆರ್.

ಮಡಿಯ ಆ ಗೋಡೆಯನ್ನು ನಿಜವಾಗಿ ಒಡೆದವರು ಹುಡುಗರು. ಓದಲು ಊರು ಬಿಟ್ಟು ಬಂದು, ರೂಮು ಮಾಡಿಕೊಂಡು, ವಾರಾನ್ನಕ್ಕೂ ಅಳುಕಿ, ಹಸಿವಿಗೆ ಮಾತ್ರ ಅಳುಕದವರು. ಗಾಂಧಿಬಜಾರಿನಲ್ಲಿ ನ್ಯಾಷನಲ್ ಹೈಸ್ಕೂಲಿನ, ಆಚಾರ್ಯ ಪಾಠಶಾಲೆಯ ಹುಡುಗರನ್ನೇ ನೆಚ್ಚಿ 1943ರ ಸುಮಾರಿಗೆ ಒಂದು ಹೋಟೆಲು ತೆರೆಯಿತು. ಹೆಸರಲ್ಲೇ ಗಿರಾಕಿ ಯಾರೆಂಬುದಿದೆ: ವಿದ್ಯಾರ್ಥಿ ಭವನ. ಹುಡುಗರ ಹಿಂದೆಯೇ ಮೇಷ್ಟರೂ ಬಂದರು, ಮೇಷ್ಟರ ಹಿಂದೆ ಸಾಹಿತಿಗಳು. ಮಾಸ್ತಿಯವರ ಮನೆ ಪಕ್ಕದ ಗವೀಪುರದಲ್ಲಿ. ಡಿ.ವಿ.ಜಿ.ಯವರ ಗೋಖಲೆ ಸಂಸ್ಥೆ ಬಸವನಗುಡಿಯ ದಾರಿಯಲ್ಲೇ. ನಿಸಾರ್ ಅಹಮದ್ ಅವರಂತೂ 1960ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ 'ಮನಸು ಗಾಂಧಿ ಬಜಾರು' ಎಂದೇ ಹೆಸರಿಟ್ಟರು. ಅಷ್ಟು ಹೊತ್ತಿಗೆ ಈ ಬೀದಿ ಓದುಗರಿಗೆ ವಿವರಣೆ ಬೇಡದ ಜಾಗವಾಗಿತ್ತು. ಒಂದೇ ಕೈಯ ಮೇಲೆ ದೋಸೆ ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು ಬರುವ ಮಾಣಿಯನ್ನು ನೋಡಲೆಂದೇ ನಾನು ಎರಡು ಸಲ ಹೋದದ್ದುಂಟು. ದೋಸೆ ಬೇಕಿರಲಿಲ್ಲ ಎಂದಲ್ಲ.

ಆದರೆ ನನ್ನ ಮೆಚ್ಚಿನ ಅಂಗಡಿ ದೋಸೆಯದ್ದಲ್ಲ. ಅಲ್ಲೇ ಹತ್ತಿರದ ಸುಬ್ಬಮ್ಮನ ಅಂಗಡಿ, 1948ರದ್ದು. ಬಾಲ್ಯದಲ್ಲೇ ವಿಧವೆಯಾದ ಹೆಂಗಸೊಬ್ಬರು ಹಪ್ಪಳ ಒತ್ತಿ ಮಾರಿ ಬದುಕು ಕಟ್ಟಿಕೊಂಡ ಜಾಗ ಅದು. ಹಪ್ಪಳ, ಸಂಡಿಗೆ, ಕೋಡುಬಳೆ, ಚಟ್ನಿಪುಡಿ. ಹೋಟೆಲಿಗೆ ಕಾಲಿಡದ ಮನೆಯವರೂ ಇವನ್ನು ಕೊಳ್ಳುತ್ತಿದ್ದರು. ಪೊಟ್ಟಣ ಕಟ್ಟಿ ಮನೆಗೆ ತಂದರೆ ಅದು ಹೊರಗಿನ ತಿಂಡಿ ಆಗುತ್ತಿರಲಿಲ್ಲವಲ್ಲ! ಮಡಿಯ ಕಣ್ಣಿಗೆ ಮಣ್ಣೆರಚಿದ್ದರಲ್ಲಿ ಮಸಾಲೆ ದೋಸೆಗಿಂತ ಹಪ್ಪಳದ ಪಾಲೇ ದೊಡ್ಡದು ಎಂದು ನನಗೆ ಗುಮಾನಿ.

ಬಡಾವಣೆ ನುಂಗಿಹಾಕಿದ ಹಳ್ಳಿ ವರ್ಷಕ್ಕೊಂದು ಸಲ ವಾಪಸು ಬರುತ್ತದೆ. ಕಾರ್ತಿಕದ ಕೊನೆಯ ಸೋಮವಾರ, ಕಡಲೆಕಾಯಿ ಪರಿಷೆಗೆ. ಸುಂಕೇನಹಳ್ಳಿಯ ಹೊಲದಲ್ಲಿ ರಾತ್ರೋರಾತ್ರಿ ಕಡಲೆಕಾಯಿ ಮೇಯುತ್ತಿದ್ದ ಬಸವನಿಗೆ, ಮೊದಲ ಫಸಲು ನಿನಗೇ ಎಂದು ರೈತರು ಹರಕೆ ಹೊತ್ತರಂತೆ. ಕಡಲೆಕಾಯಿ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದ ಬೆಳೆ ಎಂಬುದನ್ನು ಈ ಕತೆ ಕೇಳುವಾಗ ನೆನೆಯಬಾರದು. ಬುಲ್ ಟೆಂಪಲ್ ರಸ್ತೆಯ ಇಕ್ಕೆಲದಲ್ಲೂ ಹಸಿಕಾಯಿ, ಹುರಿದಕಾಯಿಯ ರಾಶಿ. ಸೇರಿಗೆ ಎಷ್ಟು ಎಂದು ಕೇಳಿ, ಚೌಕಾಸಿ ಮಾಡುತ್ತಲೇ ನಾಲ್ಕು ಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುವುದು ಗಿರಾಕಿಯ ಹಕ್ಕು. ಈಚೆಗೆ ಕಾಡುಮಲ್ಲೇಶ್ವರನ ಎದುರಿಗೂ ಒಂದು ಪರಿಷೆ ಶುರುವಾಗಿದೆ. ಚಳಿ ಬಿದ್ದರೆ ಪಕ್ಕದ ವಿಶ್ವೇಶ್ವರಪುರದಲ್ಲಿ ಅವರೆಕಾಯಿಯ ಸೊಗಡು. ಸಜ್ಜನ್‌ರಾವ್ ಸರ್ಕಲ್ಲಿನ ತಿಂಡಿಬೀದಿಯಲ್ಲಿ ಅಂಗಡಿಯೊಂದು 2000ದಲ್ಲಿ ಆರಂಭಿಸಿದ ಅವರೆಬೇಳೆ ಮೇಳಕ್ಕೆ ಬೀದಿ ಸಾಲದಾಗಿ, 2023ರಲ್ಲಿ ನ್ಯಾಷನಲ್ ಕಾಲೇಜಿನ ಮೈದಾನ ಬೇಕಾಯಿತು. ಹಿತಕಿದ ಬೇಳೆಯ ದೋಸೆ ಸರಿ, ಸಾರೂ ಸರಿ. ಅವರೆಬೇಳೆ ಜಿಲೇಬಿಯನ್ನು ನಾನು ಒಮ್ಮೆ ತಿಂದೆ, ಸಾಕು.

ಸಂಪಿಗೆ ರಸ್ತೆಗೆ 2014ರಲ್ಲಿ, ನ್ಯಾಷನಲ್ ಕಾಲೇಜಿಗೆ 2017ರಲ್ಲಿ ಮೆಟ್ರೊ ಬಂತು. ಈಗ ಬೆಳಿಗ್ಗೆ ಮಲ್ಲೇಶ್ವರದಲ್ಲಿ ಇಡ್ಲಿ, ಹನ್ನೊಂದಕ್ಕೆ ಗಾಂಧಿಬಜಾರಿನಲ್ಲಿ ದೋಸೆ ಎಂದು ಒಂದೇ ರೈಲಿನಲ್ಲಿ ಎರಡು ಬಡಾವಣೆ ಸುತ್ತುವವರಿದ್ದಾರೆ. (ಶುಕ್ರವಾರ ಹೋಗಬೇಡಿ, ವಿದ್ಯಾರ್ಥಿ ಭವನಕ್ಕೆ ರಜೆ.) ಭಾನುವಾರದ ಸರದಿ ನೋಡಿದರೆ, ಬಡಾವಣೆಯವರು ಯಾವ ಇಕ್ಕಟ್ಟಿಗೆ ಹೆದರಿ ಪೇಟೆ ಬಿಟ್ಟು ಬಂದರೋ ಆ ಪೇಟೆಯೇ ಅವರನ್ನು ಹುಡುಕಿಕೊಂಡು ಬಂದ ಹಾಗಿದೆ.

ದೊಡ್ಡಪ್ಪನಿಗೆ ಕಾಫಿ ಕುಡಿಸಿ ಒಳದಾರಿಯಲ್ಲಿ ಕರೆದುಕೊಂಡು ಹೊರಟೆ. ಮನೆಗಳ ಬೆನ್ನ ಹಿಂದಿನ ಓಣಿ. ಇದು ಯಾಕೆ ಇಷ್ಟು ಕಿರಿದು ಎಂದು ಅವರು ಕೇಳಲಿಲ್ಲ, ಅವರಿಗೇ ಗೊತ್ತಿತ್ತು. ಪ್ರತಿ ಮನೆಯ ಹಿಂಗೋಡೆಯ ಪಾಯಿಖಾನೆಯಿಂದ ಮಲದ ಬುಟ್ಟಿ ಎತ್ತಿ ತಲೆಯ ಮೇಲೆ ಹೊತ್ತು ಒಯ್ಯುವವರು ಬಂದುಹೋಗಲು ಬಿಟ್ಟ ದಾರಿ. ಅವರು ಮುಂದಿನ ಸಂಪಿಗೆ ಮರದ ರಸ್ತೆಗೆ ಕಾಲಿಡಬಾರದಿತ್ತು, ಒಳಗಿನವರ ಕಣ್ಣಿಗೂ ಬೀಳಬಾರದಿತ್ತು. ಊರಿನ ಪ್ಲೇಗು ಓಡಿಸಿದ ಚೊಕ್ಕಟತನ ನಡೆದದ್ದು ಈ ಓಣಿಯಲ್ಲಿ.

ಓಣಿಯ ಬಾಯಲ್ಲಿ ಎರಡು ಸ್ಕೂಟರು ನಿಂತಿದ್ದವು. ಕಾಲೇಜು ಹುಡುಗಿಯರು ಸೀಟಿನ ಮೇಲೆ ತಟ್ಟೆಯಿಟ್ಟು ಖಾರಾಬಾತು ತಿನ್ನುತ್ತಿದ್ದರು. 'ಜಾಗ ಬಿಡೀಮ್ಮ' ಎಂದರು ದೊಡ್ಡಪ್ಪ. ತಟ್ಟೆ ಎತ್ತಿಕೊಂಡು, ಗೋಡೆಗೆ ಅಂಟಿಕೊಂಡು ಅವರು ನಮಗೆ ದಾರಿ ಬಿಟ್ಟರು.